ರಜೆ 48 ದಿನ, ಮೈದಾನ ಸಿಕ್ಕಿದ್ದು ಒಂದೇ ದಿನ

ನಿನ್ನೆ ಸಂಜೆ ಮಗನ ಕಾಲಿಗೆ ಮೊಳೆ ಚುಚ್ಚಿತು. ಎರಡೂವರೆ ಇಂಚಿನ ತುಕ್ಕು ಹಿಡಿದ ಮೊಳೆ. ಹವಾಯಿ ಚಪ್ಪಲಿ ತೂರಿಕೊಂಡು ಅಂಗಾಲಿಗೆ ಇಳಿದಿತ್ತು. ಸ್ಕೂಟರ್ ಹಿಂದೆ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದೆ. ಟಿಟಿ ಇಂಜೆಕ್ಷನ್ ಕೊಟ್ಟ ಸಿಸ್ಟರ್, "ಎಕ್ಸಿಬಿಷನ್ ಮೈದಾನದಲ್ಲಾ? ಮಧ್ಯಾಹ್ನದಿಂದ ಇವನು ಮೂರನೆಯವನು ಸರ್" ಅಂದರು.

ಎಕ್ಸಿಬಿಷನ್ ಮೈದಾನ! ನಾವು ಹುಡುಗರಾಗಿದ್ದಾಗ ಅದಕ್ಕೆ ಹೆಸರೇ ಇರಲಿಲ್ಲ. ಸುಮ್ನೆ 'ಮೈದಾನ' ಅಷ್ಟೇ. ಊರಿಗೆ ಇದ್ದದ್ದೇ ಒಂದು, ಹೆಸರು ಯಾಕೆ ಬೇಕು?

ಊರು ಯಾವುದು ಅಂತ ಹೇಳಲ್ಲ. ಬಯಲುಸೀಮೆಯ ಒಂದು ಸಣ್ಣ ನಗರ ಅಂದುಕೊಳ್ಳಿ. ಪುರಸಭೆ ಹೋಗಿ ನಗರಸಭೆ ಆಯ್ತು ಅಂತ ಪಟಾಕಿ ಹೊಡೆದ ಊರು. ಜನಸಂಖ್ಯೆ 50 ಸಾವಿರ ದಾಟಿದರೆ ನಗರಸಭೆ ಆಗುತ್ತದಂತೆ. ಜನ ದಾಟಿದರು, ಬೋರ್ಡ್ ಬದಲಾಯಿತು, ಮೈದಾನ ಮಾತ್ರ ಅದೇ ಒಂದು. ಹೆಸರು ಹೇಳಿಬಿಟ್ಟರೆ ನಮ್ಮ ಬೀದಿಗೆ ಎಂಟು ದಿನಕ್ಕೊಮ್ಮೆ ಬರುವ ನೀರೂ ನಿಂತೀತು. ಅದಕ್ಕೇ ಬೇಡ.

ಲೆಕ್ಕ ಕೇಳಿ. ಶಾಲೆಗೆ ಬೇಸಿಗೆ ರಜೆ ಏಪ್ರಿಲ್ 11ರಿಂದ ಮೇ 28ರವರೆಗೆ. ಒಟ್ಟು 48 ದಿನ. ಎಕ್ಸಿಬಿಷನ್‌ನವರು ತಗಡು ಹೊಡೆದು ಮೈದಾನ ಮುಚ್ಚಿದ್ದು ಏಪ್ರಿಲ್ 8ಕ್ಕೆ. 45 ದಿನಕ್ಕೆ ಅಂತ ಪರ್ಮಿಷನ್. ಮೇ 22ಕ್ಕೆ ಮುಗಿಯಬೇಕಿತ್ತು. ಅವತ್ತು ಬೆಳಿಗ್ಗೆ ಆಟೋದಲ್ಲಿ ಮೈಕ್ ಕಟ್ಟಿಕೊಂಡು ಬಂದರು: "ಸಾರ್ವಜನಿಕರ ಒತ್ತಾಯದ ಮೇರೆಗೆ ಇನ್ನೂ ಮೂರು ದಿನ ಮಾತ್ರ!" ಯಾರು ಒತ್ತಾಯ ಮಾಡಿದ ಆ ಸಾರ್ವಜನಿಕರು? ಒಂದು ಸಲ ಮುಖ ತೋರಿಸಿ ಸ್ವಾಮಿ. ಆಮೇಲೆ ಜೈಂಟ್ ವೀಲ್ ಬಿಚ್ಚೋಕೆ ಎರಡು ದಿನ. ಅಲ್ಲಿಗೆ 27 ಆಯಿತು. ಮಕ್ಕಳಿಗೆ ಸಿಕ್ಕಿದ್ದು 28ನೇ ತಾರೀಖು, ಅಂದರೆ ನಿನ್ನೆ. ಇವತ್ತು ಶಾಲೆ ಶುರು. ನನ್ನ ಮಗ ಮೊದಲ ದಿನವೇ ಕುಂಟಿಕೊಂಡು ಹೋದ.

ನಾನೇನು ಎಕ್ಸಿಬಿಷನ್ ವಿರೋಧಿ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ನಾನೂ ಎರಡು ಸಲ ಹೋಗಿ ಬಂದವನೇ. ಡೆಲ್ಲಿ ಹಪ್ಪಳ ತಿಂದೆ. ಹೆಂಡತಿ ಮಸಾಲೆ ಡಬ್ಬಿ, ತರಕಾರಿ ಹೆಚ್ಚುವ ಮಣೆ ಅಂತ ಏನೇನೋ ತಗೊಂಡಳು. ಆ ಮಣೆ ಮನೆಗೆ ಬಂದ ಮೂರನೇ ದಿನಕ್ಕೆ ಮುರಿಯಿತು, ಅದು ಬೇರೆ ಮಾತು. ಸಾವಿನ ಬಾವಿಯಲ್ಲಿ ಕೈ ಬಿಟ್ಟು ಬೈಕ್ ಓಡಿಸುವ ಹುಡುಗನನ್ನು ನೋಡಿ ನನಗೂ ಎದೆ ಝಲ್ ಅಂತು. ಗೋಬಿ ಮಾತ್ರ ಇಟ್ಟಿಗೆ ಪುಡಿಯಲ್ಲಿ ಹೊರಳಿಸಿದ ಹಾಗೆ ಕೆಂಪಗೆ ಇತ್ತು. ಗೋಬಿಗೆ ಕೃತಕ ಬಣ್ಣ ಹಾಕಬಾರದು ಅಂತ ಸರ್ಕಾರ ಆದೇಶ ಮಾಡಿದ್ದು 2024ರ ಮಾರ್ಚ್‌ನಲ್ಲಿ. ಆ ಆದೇಶ ನಮ್ಮೂರ ಬಸ್ ಸ್ಟ್ಯಾಂಡ್‌ನಲ್ಲಿ ಇನ್ನೂ ಇಳಿದಿಲ್ಲ ಅನಿಸುತ್ತದೆ.

ಅವರಿಗೂ ಹೊಟ್ಟೆಪಾಡು. ಆದರೆ ಬೈಪಾಸ್ ಪಕ್ಕ ಎಪಿಎಂಸಿಯ ಜಾಗ ಬಿಕೋ ಅಂತ ಬಿದ್ದಿದೆಯಲ್ಲ, ಅಲ್ಲಿಗೆ ಕೊಡಿ. ಕೊಡಲ್ಲ. ಯಾಕೆ ಅಂದರೆ ಅಷ್ಟು ದೂರ ಜನ ಬರಲ್ಲವಂತೆ. ಜನ ಅಷ್ಟು ದೂರ ಹೋಗಬಾರದು, ಮಕ್ಕಳು ಮಾತ್ರ ಎಲ್ಲಿಗಾದರೂ ಹೋಗಲಿ!

ಎಲ್ಲಿಗೆ ಹೋದರು ಗೊತ್ತಾ ಮಕ್ಕಳು? ನಮ್ಮ ಬೀದಿಯಲ್ಲೇ, ಟ್ರಾನ್ಸ್‌ಫಾರ್ಮರ್ ಕಂಬವನ್ನೇ ವಿಕೆಟ್ ಮಾಡಿಕೊಂಡು ಆಡಿದರು. ಎದುರು ಮನೆಯವರ ಕಿಟಕಿ ಗಾಜು ಹೋಯಿತು, ನಾನು 600 ರೂಪಾಯಿ ಕಟ್ಟಿದೆ. ಕೈಯಲ್ಲಿ ದುಡ್ಡಿದ್ದವರು ಬೇಸಿಗೆ ಶಿಬಿರಕ್ಕೆ ಕಳಿಸಿದರು. 15 ದಿನಕ್ಕೆ 3 ಸಾವಿರ. ಅಲ್ಲಿ ಏನು ಕಲಿಸಿದರು ಅಂತ ಪಕ್ಕದ ಮನೆ ಹುಡುಗಿಯನ್ನು ಕೇಳಿದೆ. "ಅಂಕಲ್, ದೇಸಿ ಆಟಗಳು. ಲಗೋರಿ, ಕುಂಟೆಬಿಲ್ಲೆ" ಅಂತು. ನಮ್ಮ ಕಾಲದಲ್ಲಿ ಲಗೋರಿ ಆಡಿದ್ದಕ್ಕೆ ಅಪ್ಪನ ಕೈಯಲ್ಲಿ ಏಟು ಬೀಳುತ್ತಿತ್ತು. ಈಗ ಅದಕ್ಕೆ ಫೀಸು, ರಸೀದಿ, ಸರ್ಟಿಫಿಕೇಟು.

ಊರಲ್ಲಿ ಯಾರೂ ಕೇಳಲಿಲ್ವಾ ಅಂತ ನೀವು ಕೇಳಬಹುದು. ಕೇಳಬೇಕಾದವರು ಯಾರು? ದಿನಾ ಬೆಳಿಗ್ಗೆ ಮೈದಾನದಲ್ಲಿ ವಾಕಿಂಗ್ ಮಾಡುವ ಡಾಕ್ಟರು, ವಕೀಲರು, ರಿಟೈರ್ಡ್ ಆಫೀಸರುಗಳು. ಅವರ ಒಂದು ಫೋನಿಗೆ ಕೆಲಸ ಆಗುತ್ತದೆ. ಎಕ್ಸಿಬಿಷನ್ ಕಂಟ್ರಾಕ್ಟರ್ ಇದನ್ನು ನಮಗಿಂತ ಚೆನ್ನಾಗಿ ತಿಳಿದುಕೊಂಡಿದ್ದಾನೆ. ಸುತ್ತ ಇರುವ ವಾಕಿಂಗ್ ಟ್ರ್ಯಾಕ್ ಬಿಟ್ಟು ಒಳಗಿನ ಜಾಗಕ್ಕೆ ಮಾತ್ರ ತಗಡು ಹೊಡೆದಿದ್ದಾನೆ! ದಿನಾ ಬೆಳಿಗ್ಗೆ ಐದೂವರೆಗೆ ಟ್ರ್ಯಾಕ್ ಗುಡಿಸಿ ನೀರು ಚಿಮುಕಿಸುವ ಆಳೂ ಅವನದೇ. ಇನ್ನು ಯಾರು ಬಾಯಿ ಬಿಡುತ್ತಾರೆ? ಹತ್ತು ವರ್ಷದ ಹುಡುಗರು ಯಾರಿಗೆ ಫೋನ್ ಮಾಡುತ್ತಾರೆ?

ಏಪ್ರಿಲ್‌ನಲ್ಲಿ ಮನೆ ಕಂದಾಯ ಕಟ್ಟಿದರೆ 5 ಪರ್ಸೆಂಟ್ ರಿಯಾಯಿತಿ ಅಲ್ವಾ, ಅದಕ್ಕೆ ಅಂತ ಎರಡನೇ ವಾರದಲ್ಲೇ ಆಫೀಸಿಗೆ ಹೋದೆ. ಸರ್ವರ್ ಡೌನ್. ಸರಿ, ಬಂದದ್ದು ಬಂದೆ, ಮೈದಾನದ ಬಗ್ಗೆ ಒಂದು ಅರ್ಜಿ ಕೊಡೋಣ ಅಂತ ಅಲ್ಲೇ ಬೆಂಚಿನ ಮೇಲೆ ಕೂತು ಬರೆದೆ. ಆಟದ ಮೈದಾನ, ಪಾರ್ಕು, ಬಯಲು ಜಾಗ ಉಳಿಸೋಕೆ ಅಂತಲೇ ನಮ್ಮ ರಾಜ್ಯದಲ್ಲಿ 1985ರ ಒಂದು ಕಾಯ್ದೆ ಇದೆ. ಅದರ ಪ್ರಕಾರ ಇಂಥ ಜಾಗಗಳ ಪಟ್ಟಿ ಮಾಡಿ ಇಡಬೇಕು. "ಆ ಪಟ್ಟಿಯಲ್ಲಿ ನಮ್ಮ ಮೈದಾನ ಇದೆಯಾ?" ಅಂತ ಕೇಳಿದೆ. ಟೇಬಲ್ ಆಚೆ ಕೂತಿದ್ದವರು ಕನ್ನಡಕ ಹಣೆಗೇರಿಸಿ, "ಯಾವ ಪಟ್ಟಿ ಸಾರ್? ಟಪಾಲಲ್ಲಿ ಕೊಟ್ಟು ಹೋಗಿ" ಅಂದರು. ಟಪಾಲಲ್ಲಿ ಕೊಟ್ಟೆ. ಝೆರಾಕ್ಸ್ ಕಾಪಿ ಮೇಲೆ ಸೀಲ್ ಒತ್ತಿಸಿಕೊಂಡೆ. ಆ ಸೀಲ್‌ನಲ್ಲಿ ತಾರೀಖು ಕೂಡ ಸರಿಯಾಗಿ ಮೂಡಿಲ್ಲ.

ಒಂದು ವಾರ ಕಾದು ಮಾಹಿತಿ ಹಕ್ಕಿನಲ್ಲಿ ಹಾಕಿದೆ. 10 ರೂಪಾಯಿ ಪೋಸ್ಟಲ್ ಆರ್ಡರ್. ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು ಅಂತ ನಮ್ಮಲ್ಲಿ ನಿಯಮ. ನಾನು ಕೇಳಿದ್ದು ಇಷ್ಟೇ: ಮೈದಾನದ ಬಾಡಿಗೆ ಎಷ್ಟು, ಠೇವಣಿ ಎಷ್ಟು ಇಟ್ಟುಕೊಂಡಿದ್ದೀರಿ? ಜಾಗ ಹಾಳು ಮಾಡಿ ಹೋದರೆ ಠೇವಣಿ ಹಿಡಿಯಬಹುದಲ್ಲ, ಅದಕ್ಕೆ. 30 ದಿನದೊಳಗೆ ಉತ್ತರ ಕೊಡಬೇಕು. 29ನೇ ದಿನಕ್ಕೆ ಬಂತು: "ಸದರಿ ಮಾಹಿತಿಯು ಈ ಶಾಖೆಗೆ ಸಂಬಂಧಿಸಿರುವುದಿಲ್ಲ." ಒಂದೇ ಬಿಲ್ಡಿಂಗು ಮಾರಾಯ್ರೇ! ಪಕ್ಕದ ರೂಮಿಗೆ ಕಾಗದ ಕಳಿಸೋಕೆ ಇವರಿಗೆ 29 ದಿನ ಸಾಕಾಗಲಿಲ್ಲ. ಬೇಕಾದರೆ ಮೇಲ್ಮನವಿ ಹಾಕಿ ಅಂತ ಕೆಳಗೆ ಬರೆದಿದ್ದಾರೆ, ದೊಡ್ಡ ಮನಸ್ಸು.

ವಾರ್ಡಿನ ಸದಸ್ಯರನ್ನು ಹಿಡಿಯೋಣ ಅಂದರೆ ಸದಸ್ಯರೇ ಇಲ್ಲ. ನಾವು ವೋಟ್ ಹಾಕಿದ್ದು 2018ರ ಆಗಸ್ಟ್ 31ಕ್ಕೆ. ಗೆದ್ದವರು ಹಾರ ಹಾಕಿಸಿಕೊಂಡು ಮನೆಗೆ ಹೋಗಿ ಕೂತರು. ಅಧ್ಯಕ್ಷ ಸ್ಥಾನದ ಮೀಸಲಾತಿ ಜಗಳ ಕೋರ್ಟಿಗೆ ಹೋಗಿ, ಅಧ್ಯಕ್ಷರು ಅಂತ ಒಬ್ಬರು ಕುರ್ಚಿ ಮೇಲೆ ಕೂತಿದ್ದು 2020ರ ಕೊನೆಗೆ. ಎರಡೂವರೆ ವರ್ಷ ಆದಮೇಲೆ ಎರಡನೇ ಅವಧಿ ಬರಬೇಕಿತ್ತು, ಅದರ ಮೀಸಲಾತಿ ಪಟ್ಟಿ ಬಂದಿದ್ದು 2024ರ ಆಗಸ್ಟ್‌ಗೆ. ಅಲ್ಲಿಯವರೆಗೂ ಆಡಳಿತಾಧಿಕಾರಿ. ಆಮೇಲೆ ಅವಧಿಯೇ ಮುಗಿಯಿತು, ಈಗ ಮತ್ತೆ ಆಡಳಿತಾಧಿಕಾರಿ. ಆ ಸಾಹೇಬರಿಗೆ ಇದು ಹತ್ತರಲ್ಲಿ ಹನ್ನೊಂದನೇ ಕೆಲಸ. ನಮ್ಮ ವಾರ್ಡಿನವರನ್ನು ಹಾಲಿನ ಬೂತ್ ಹತ್ತಿರ ಹಿಡಿದು ಕೇಳಿದರೆ, "ನಾನೀಗ ಮಾಜಿ ಕಣಣ್ಣ, ನನ್ನ ಮಾತು ಯಾರು ಕೇಳ್ತಾರೆ?" ಅಂದ. ಆದರೆ ಎಕ್ಸಿಬಿಷನ್ ಗೇಟಿನ ಮೇಲೆ "ಸರ್ವರಿಗೂ ಸುಸ್ವಾಗತ" ಅಂತ ಹತ್ತು ಅಡಿ ಫ್ಲೆಕ್ಸ್‌ನಲ್ಲಿ ಕೈ ಮುಗಿದು ನಿಂತಿದ್ದವನೂ ಅವನೇ. ಅದಕ್ಕೆ ಮಾಜಿ ಅಡ್ಡ ಬರಲಿಲ್ಲ.

ಸದ್ದಿನ ಕಥೆ ಹೇಳೋಕೇ ಹೋಗಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮೈಕ್ ಹಾಕಬಾರದು ಅಂತ 2000ದಿಂದಲೂ ನಿಯಮ ಇದೆ. ನಮ್ಮಮ್ಮನಿಗೆ ಬಿಪಿ. ಹನ್ನೊಂದಕ್ಕೆ 112ಕ್ಕೆ ಫೋನ್ ಮಾಡಿದೆ. ಗಾಡಿ ಬಂತು, ಸದ್ದು ನಿಂತಿತು, ಗಾಡಿ ಹೋಯಿತು, ಸದ್ದು ಬಂತು. ಅಷ್ಟೇ.

ನಿನ್ನೆ ಆಸ್ಪತ್ರೆಯಿಂದ ಬಂದಮೇಲೆ ತಡೆಯಲಾರದೆ ಮೈದಾನಕ್ಕೆ ಹೋದೆ. ಜೈಂಟ್ ವೀಲ್ ನಿಲ್ಲಿಸಿದ್ದ ಕಡೆ ಮೊಣಕಾಲುದ್ದದ ಗುಂಡಿಗಳು. ಮೊನ್ನೆಯ ಮಳೆಗೆ ಅರ್ಧ ನೀರು ತುಂಬಿದೆ. ಪಿಚ್ ಇದ್ದ ಜಾಗದಲ್ಲಿ ಗೋಬಿ ಅಂಗಡಿಯ ಎಣ್ಣೆ ಚೆಲ್ಲಿ ಮಣ್ಣು ಕಪ್ಪಾಗಿದೆ. ಐಸ್‌ಕ್ರೀಮ್ ಕಡ್ಡಿ, ವೈರ್ ತುಂಡು, ಪ್ಲಾಸ್ಟಿಕ್ ತಟ್ಟೆ. ನಾಲ್ಕು ಜನ ಪೌರಕಾರ್ಮಿಕರು ಬೆಳಿಗ್ಗೆಯಿಂದ ಬಳಿಯುತ್ತಿದ್ದರಂತೆ. ಸಂಪಾದನೆ ಕಂಟ್ರಾಕ್ಟರ್‌ದು, ಬಳಿಯೋಕೆ ಇವರು. ಅವರಲ್ಲಿ ವಯಸ್ಸಾದ ಒಬ್ಬಮ್ಮ, "ಮೊಳೆ ಪೊರಕೆಗೆ ಬರಲ್ಲ ಕಣಪ್ಪ, ಮಣ್ಣಲ್ಲಿ ಕೂತ್ಕಂಡಿರ್ತವೆ" ಅಂದರು.

ಅಲ್ಲೇ ಆರೇಳು ಹುಡುಗರು ಸಾಲಾಗಿ ನಡೆಯುತ್ತಿದ್ದರು. ಹಳೇ ಸ್ಪೀಕರ್ ಒಡೆದು ತೆಗೆದ ಅಯಸ್ಕಾಂತ, ಅದಕ್ಕೆ ಸೆಣಬಿನ ಹಗ್ಗ. ನೆಲದ ಮೇಲೆ ನಾಯಿ ಎಳೆದ ಹಾಗೆ ಎಳೆದುಕೊಂಡು ಹೋಗುತ್ತಿದ್ದಾರೆ. ಹತ್ತು ಹೆಜ್ಜೆಗೆ ಒಂದು ಸಲ ಎತ್ತಿ ನೋಡುವುದು, ಅಂಟಿದ ಮೊಳೆ ಕಿತ್ತು ಪೇಂಟ್ ಡಬ್ಬಿಗೆ ಹಾಕುವುದು. ಡಬ್ಬಿ ಮುಕ್ಕಾಲು ತುಂಬಿತ್ತು. ಒಬ್ಬ ಡಬ್ಬಿ ಕುಲುಕಿ ತೋರಿಸಿ, "ಅಂಕಲ್, ಗುಜರಿಗೆ ಹಾಕಿದ್ರೆ ಒಂದು ಬಾಲ್ ಬರುತ್ತೆ" ಅಂದ.

ಆಗಲೇ ಕತ್ತಲಾಗುತ್ತಿತ್ತು. ಬೆಳಿಗ್ಗೆ ಎದ್ದರೆ ಶಾಲೆ.