ಬೆನ್ನಿಗೆ ಅಂಟಿದ ಚರ್ಚು

ಎಂಟುನೂರು ವರ್ಷ ಹಳೆಯ ಕಟ್ಟಡದ ಗೋಡೆ ಇನ್ನೂ ಒಣಗಿರಲಿಕ್ಕಿಲ್ಲ ಎಂಬ ಅನುಮಾನ ಯಾರಿಗಾದರೂ ಬರುವುದುಂಟೆ? ನನಗೂ ಬರಲಿಲ್ಲ. ಹಾಗಾಗಿಯೇ ಜುಲೈ ತಿಂಗಳ ಒಂದು ಮಧ್ಯಾಹ್ನ ನಾರ್ವೆಯ ಬೋರ್ಗುಂಡ್ ಎಂಬ ಹಳ್ಳಿಯಲ್ಲಿ ನಾನು ಒಂದು ಚರ್ಚಿನ ಗೋಡೆಗೆ, ಹಲಸಿನ ಮೇಣಕ್ಕೆ ನೊಣ ಅಂಟಿಕೊಂಡಂತೆ ಅಂಟಿಕೊಂಡು ನಿಂತಿದ್ದೆ.

ತಪ್ಪು ನನ್ನದೇ. ಬೆರ್ಗನ್‌ನಲ್ಲಿರುವ ಮಗಳು ಮೊದಲೇ ಹೇಳಿದ್ದಳು: "ಅಪ್ಪಾ, ಮರದ ಚರ್ಚು ನೋಡಬೇಕಾದರೆ ಇಲ್ಲೇ ಊರಲ್ಲಿ ಫಾಂಟಾಫ್ಟ್ ಇದೆ. ಹೋಗಿ ಬಂದು ಮನೆಯಲ್ಲೇ ಊಟ ಮಾಡಬಹುದು." ವಿಚಾರಿಸಿದರೆ, ಅದನ್ನು 1992ರಲ್ಲಿ ಯಾರೋ ಬೆಂಕಿ ಹಚ್ಚಿ ಸುಟ್ಟಿದ್ದರಂತೆ. ಈಗಿರುವುದು 1997ರಲ್ಲಿ ಮುಗಿಸಿದ ಹೊಸ ಕಟ್ಟಡ. ನಾನು ಮೂಗು ಮುರಿದೆ. ಇಷ್ಟು ದೂರ ಬಂದು ನಮ್ಮ ಮಗಳಿಗಿಂತ ಚಿಕ್ಕದಾದ ಚರ್ಚನ್ನು ನೋಡಿ ಹೋಗುವುದೆ? ನಾರ್ವೆಯಲ್ಲಿ ಒಂದು ಕಾಲಕ್ಕೆ ಇಂಥ ಚರ್ಚುಗಳು ಸಾವಿರಕ್ಕೂ ಹೆಚ್ಚು ಇದ್ದವಂತೆ. ಈಗ ಉಳಿದಿರುವುದು 28. ಅವುಗಳಲ್ಲಿ ಹೆಚ್ಚು ಮಾರ್ಪಾಡಾಗದೆ ಉಳಿದದ್ದು ಬೋರ್ಗುಂಡ್ ಎಂದು ಓದಿದ್ದೇ ತಡ, ಹಠ ಹಿಡಿದೆ. ಅಳಿಯ ಒಂದೂ ಮಾತಾಡದೆ ಕಾರಿಗೆ ಚಾರ್ಜ್ ಹಾಕಿದ.

ದಾರಿಯಲ್ಲಿ ಲೇರ್ಡಾಲ್ ಸುರಂಗ. 24.5 ಕಿಲೋಮೀಟರ್! ಒಳಗೆ ಹೊಕ್ಕಾಗ ನನ್ನ ಹೆಂಡತಿ ಹನುಮಾನ್ ಚಾಲೀಸಾ ಶುರುಮಾಡಿದಳು. ಅದು ಮುಗಿದು, ವಿಷ್ಣು ಸಹಸ್ರನಾಮ ಅರ್ಧಕ್ಕೆ ಬಂದರೂ ಬೆಳಕು ಕಾಣಲಿಲ್ಲ. ನಡುನಡುವೆ ಚಾಲಕರಿಗೆ ಮಂಪರು ಹತ್ತದಿರಲೆಂದು ನೀಲಿ ದೀಪ ಹಾಕಿದ ಗುಹೆಗಳಿವೆ. ಅವನ್ನು ಕಂಡು "ಬಂತೇನ್ರೀ?" ಎಂದು ಮೂರು ಸಲ ಕೇಳಿದಳು.

ಇಳಿದ ತಕ್ಷಣ ನಾನು ಕಪ್ಪಗೆ, ಗಿಡ್ಡಗೆ ನಿಂತಿದ್ದ ಮರದ ಕಟ್ಟಡವೊಂದರ ಎದುರು ನಿಂತು ಆರೇಳು ಫೋಟೋ ತೆಗೆಸಿಕೊಂಡು ನೆಂಟರ ಗುಂಪಿಗೆ ಕಳಿಸಿಬಿಟ್ಟೆ. ಮೈಸೂರಿನ ಭಾವ ಕೂಡಲೇ ಉತ್ತರಿಸಿದರು: "ಇಷ್ಟೇನಾ?" ಮಗಳು ನೋಡಿ, "ಅಪ್ಪಾ, ಅದು ಗಂಟೆಮನೆ. ಚರ್ಚು ನಿಮ್ಮ ಹಿಂದೆ ಇದೆ" ಎಂದಳು.

ತಿರುಗಿದೆ. ಮಾತು ನಿಂತಿತು. ಒಂದರ ಮೇಲೊಂದು ಏರಿದ ಮಾಡುಗಳು, ಮೀನಿನ ಹುರುಪೆಯಂತೆ ಜೋಡಿಸಿದ ಮರದ ಬಿಲ್ಲೆಗಳು, ತುದಿಗಳಿಂದ ಬಾಯಿ ತೆರೆದು ಆಕಾಶಕ್ಕೆ ಕತ್ತು ಚಾಚಿದ ಡ್ರ್ಯಾಗನ್‌ಗಳು. ದೇವರ ಮನೆ ಕಾಯಲು ಇಂಥ ಪ್ರಾಣಿಯನ್ನು ಕೂರಿಸುವ ಬುದ್ಧಿ ನಮ್ಮವರಿಗೆ ಮಾತ್ರ ಇದೆ ಎಂದುಕೊಂಡಿದ್ದೆ. ಆ ಡ್ರ್ಯಾಗನ್ನಿನ ಮುಖ ಸರಿಯಾಗಿ ನೋಡಬೇಕೆಂದು ಹಿಂದೆ ಹಿಂದೆ ಸರಿದರೆ ಕತ್ತು ನೋವು ಬಂತು. ಇನ್ನೊಂದು ಉಪಾಯ ಹೊಳೆಯಿತು: ಗೋಡೆಗೇ ಒರಗಿ ನೇರ ಮೇಲಕ್ಕೆ ನೋಡಿದರೆ? ಬಿಸಿಲು ಬಿದ್ದ ದಕ್ಷಿಣದ ಗೋಡೆ ಬೆಚ್ಚಗಿತ್ತು. ಆರಾಮವಾಗಿ ಒರಗಿದೆ. ನೋಡಿದೆ. ತೃಪ್ತಿಯಾಯಿತು. ಹೊರಡಲು ಹೊರಟರೆ ನಾನು ಹೊರಟೆ, ಸ್ವೆಟರ್ ಹೊರಡಲಿಲ್ಲ.

ಆ ಸ್ವೆಟರಿನ ಬಗ್ಗೆ ಒಂದು ಮಾತು. ನಾರ್ವೆ ಎಂದರೆ ಹಿಮ ಎಂದು ನಂಬಿದ ನನ್ನವಳು ಮೂರು ತಿಂಗಳು ಕೂತು ಹೆಣೆದ ಹಸಿರು ಸ್ವೆಟರ್ ಅದು. ಆ ಬಿಸಿಲಿನಲ್ಲೂ ತೆಗೆಯುವ ಧೈರ್ಯ ನನಗಿರಲಿಲ್ಲ.

"ರೀ, ಅಲ್ಲಾಡಬೇಡಿ!" ಎಂದು ಕೂಗಿ ಅವಳು ಓಡಿಬಂದಳು. ನನ್ನನ್ನು ಎಳೆಯುವ ಆತುರದಲ್ಲಿ ಇನ್ನೊಂದು ಕೈಯನ್ನು ಗೋಡೆಗೆ ಊರಿದಳು. ನಾನು ಬಿಡಿಸಿಕೊಂಡ ಮೇಲೆ, ದೇವರ ಗೋಡೆಯನ್ನು ಮುಟ್ಟಿದ ಕೈಯಲ್ಲವೇ ಎಂದು ಅಭ್ಯಾಸಬಲದಿಂದ ಕಣ್ಣಿಗೆ ಒತ್ತಿಕೊಂಡಳು. ಎರಡೂ ರೆಪ್ಪೆಗಳ ಮೇಲೆ ಕಾಡಿಗೆಯಂತೆ ಕಪ್ಪು ಗೆರೆ.

ಗೈಡ್ ಹುಡುಗಿ ಗಾಬರಿಯಿಂದ ಬಂದು ಮೊದಲು ನೋಡಿದ್ದು ಗೋಡೆಯನ್ನು. ಅದಕ್ಕೇನೂ ಆಗಿಲ್ಲವೆಂದು ಖಚಿತವಾದ ಮೇಲೆ ನಮ್ಮತ್ತ ನೋಡಿ ನಕ್ಕಳು. ಅದು ಟಾರು. ನಮ್ಮ ರಸ್ತೆಯ ಡಾಂಬರಲ್ಲ. ಪೈನ್ ಮರದ ರಾಳ ತುಂಬಿದ ಬುಡಗಳನ್ನು ಗಾಳಿಯಾಡದಂತೆ ಮುಚ್ಚಿ ನಿಧಾನವಾಗಿ ಸುಟ್ಟು ಇಳಿಸಿದ ಎಣ್ಣೆ. ಕೆಲವು ವರ್ಷಗಳಿಗೊಮ್ಮೆ ಮತ್ತೆ ಮತ್ತೆ ಬಳಿಯುತ್ತಾರೆ. ಬಿಸಿಲೇರಿದರೆ ಕರಗುತ್ತದೆ. ಈ ಕಟ್ಟಡದ ಮರಗಳನ್ನು ಕಡಿದದ್ದು 1180-81ರ ಚಳಿಗಾಲದಲ್ಲಿ ಎಂದು ಮರದ ಉಂಗುರಗಳನ್ನು ಎಣಿಸಿ ಕಂಡುಹಿಡಿದಿದ್ದಾರಂತೆ. ಇದಕ್ಕಿಂತ ಹಿಂದಿನವರು ಕಂಬಗಳನ್ನು ನೇರ ಮಣ್ಣಿನಲ್ಲಿ ಹೂಳುತ್ತಿದ್ದರು, ಅವು ಕೊಳೆತುಹೋದವು. ಆಮೇಲೆ ಬಂದವರು ಕಲ್ಲಿನ ಮೇಲೆ ಅಡಿತೊಲೆ ಇಟ್ಟು, ಅದರ ಮೇಲೆ ಕಂಬ ನಿಲ್ಲಿಸಿ, ಟಾರು ಬಳಿದರು. ಇದು ನಿಂತಿತು. ಕಾಲು ಒದ್ದೆಯಾಗಬಾರದು, ಮೈಗೆ ಎಣ್ಣೆ ಬೇಕು. ನಮ್ಮ ಅಜ್ಜಿ ಬಾಣಂತಿಯರಿಗೆ ಹೇಳುತ್ತಿದ್ದದ್ದೂ ಇದನ್ನೇ.

ಎಣ್ಣೆ ಎಂದ ಕೂಡಲೇ ನನ್ನವಳಿಗೆ ಜೀವ ಬಂತು. ಹಲಸಿನ ಮೇಣ ಬಿಡಿಸಿದ ಕೈಗೆ ಟಾರು ಯಾವ ಲೆಕ್ಕ? ಚೀಲದಿಂದ ತೆಂಗಿನೆಣ್ಣೆಯ ಬಾಟಲಿ ತೆಗೆದು ಬಗ್ಗಿಸಿದಳು. ಒಂದು ತೊಟ್ಟೂ ಬೀಳಲಿಲ್ಲ. ಕಾರಿನ ಎ.ಸಿ.ಯಲ್ಲಿ ಎಣ್ಣೆ ಸುಣ್ಣದಂತೆ ಗಟ್ಟಿಯಾಗಿತ್ತು. ಕೊನೆಗೆ ಅದನ್ನು ಚರ್ಚಿನ ಅಂಗಳದ ಕಲ್ಲಿನ ಪಾಗಾರದ ಮೇಲೆ ಬಿಸಿಲಿಗಿಟ್ಟು, ನಾನು ಬೆನ್ನು ತೋರಿಸಿ, ಅವಳು ಕಣ್ಣು ಮುಚ್ಚಿ, ಇಬ್ಬರೂ ಕಾದು ಕೂತೆವು. ಬಸ್ಸಿನಲ್ಲಿ ಬಂದಿಳಿದ ಜರ್ಮನ್ ಅಜ್ಜಿಯೊಬ್ಬರು ನಮ್ಮನ್ನು ಧ್ಯಾನದಲ್ಲಿರುವವರೆಂದು ತಿಳಿದು ಮೆಲ್ಲನೆ ನಡೆದುಹೋದರು. ಎಣ್ಣೆ ಕರಗಿತು. ರೆಪ್ಪೆಯ ಕಪ್ಪು ಹೋಯಿತು. ಸ್ವೆಟರಿನದು ಹೋಗಲಿಲ್ಲ, ಎಣ್ಣೆಯ ಕಲೆಯೊಂದು ಹೆಚ್ಚಾಗಿ ಸೇರಿಕೊಂಡಿತು.

ಒಳಗೆ ಕತ್ತಲೆ. ಕಿಟಕಿಗಳೆಂದರೆ ಎತ್ತರದಲ್ಲಿ ಪುಟ್ಟ ದುಂಡು ತೂತುಗಳು, ಅಷ್ಟೇ. ಹೊಗೆ ಹಿಡಿದ ಅಟ್ಟದ ವಾಸನೆ; ಅದರಲ್ಲಿ ನನ್ನ ಬೆನ್ನಿನ ಪಾಲೆಷ್ಟೋ ತಿಳಿಯಲಿಲ್ಲ. ಯಾರಿಗೋ ಭುಜ ತಗುಲಿ "ಸಾರಿ" ಎಂದೆ. ಕಂಬ. ಕಣ್ಣು ಹೊಂದಿಕೊಂಡ ಮೇಲೆ ಗೈಡ್ ಗೋಡೆಯ ಮೇಲಿನ ಗೀರುಗಳ ಕಥೆ ಹೇಳಿದಳು. ಹಳೆಯ ರೂನ್ ಲಿಪಿ. ಓಲಾವ್ ಸಂತನ ಹಬ್ಬದ ಸಂಜೆ ಇದನ್ನು ಬರೆದವನು ತಾನು ಎಂದು ಥೋರ್ ಎಂಬ ದಾರಿಹೋಕ ಕೆತ್ತಿಟ್ಟಿದ್ದಾನೆ. ಈಗ ಅವನನ್ನು ವಿದ್ವಾಂಸರು ಓದುತ್ತಾರೆ! ದೇವಸ್ಥಾನದ ಗೋಡೆಯ ಮೇಲೆ ಹೆಸರು ಕೆತ್ತುವವರಿಗೆ ದಂಡ ಹಾಕಬೇಕೆಂದು ಪತ್ರಿಕೆಯ ವಾಚಕರ ವಿಭಾಗಕ್ಕೆ ಎರಡು ಸಲ ಬರೆದವನು ನಾನು. ಗಂಭೀರವಾಗಿ ಕೆಮ್ಮಿದೆ.

ಹೊರಗೆ ಬಂದು ಕೊನೆಯದಾಗಿ ದಕ್ಷಿಣದ ಗೋಡೆಯ ಹತ್ತಿರ ಹೋದೆ. ಈ ಸಲ ಮಾರು ದೂರದಲ್ಲಿ ನಿಂತೆ. ಕಪ್ಪು ಹಲಗೆಯ ಮೇಲೆ, ನನ್ನ ಹೆಗಲ ಎತ್ತರದಲ್ಲಿ, ಹಸಿರು ಉಣ್ಣೆಯ ಒಂದು ಎಳೆ ಹೂತು ಕೂತಿತ್ತು. ಕೀಳಲು ಕೈ ಚಾಚಿದೆ, ಹಿಂದಕ್ಕೆಳೆದುಕೊಂಡೆ. ಮುಂದಿನ ಸಲ ಟಾರು ಬಳಿಯುವವರು ಅದರ ಮೇಲೂ ಕುಂಚ ಆಡಿಸಿಬಿಟ್ಟರೆ?

"ನೋಡಿದೆಯಾ, ಥೋರ್ ಆದ ಮೇಲೆ ನಾನೇ" ಎಂದೆ ಹೆಂಡತಿಗೆ.

ಅವಳು ಬಗ್ಗಿ ಎಳೆಯನ್ನು ಪರೀಕ್ಷಿಸಿದಳು. "ಹೆಣೆದದ್ದು ನಾನು" ಎಂದು ಕಾರಿನತ್ತ ನಡೆದಳು. ನನ್ನ ಸೀಟಿನ ಮೇಲೆ ಅಳಿಯ ಆಗಲೇ ಹಳೆಯ ಪೇಪರ್ ಹಾಸಿದ್ದ.