ಸಾರಾ ಪಾಲಿಯ ಸೆಟ್ಟು, ನಮ್ಮ ಸೆಟ್ಟು

2023ರ ಮಾರ್ಚ್‌ನಲ್ಲಿ ಕೆನಡಾದ ನಟಿ, ನಿರ್ದೇಶಕಿ ಸಾರಾ ಪಾಲಿ ಅವರಿಗೆ ‘ವಿಮೆನ್ ಟಾಕಿಂಗ್’ ಚಿತ್ರಕಥೆಗಾಗಿ ಆಸ್ಕರ್ ಬಂತು. ಟೊರೊಂಟೊದಲ್ಲಿ ನೆಲೆಸಿದ ಕನ್ನಡಿಗನಾಗಿ ಆ ಸುದ್ದಿಯಿಂದ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಆದರೆ ಕನ್ನಡ ಚಿತ್ರರಂಗದವರ ಮುಂದೆ ಹಿಡಿಯಬೇಕಾದ್ದು ಆ ಪ್ರಶಸ್ತಿಯಲ್ಲ, ಆ ಚಿತ್ರ ತೆಗೆದ ರೀತಿ. ಬಾಲನಟಿಯಾಗಿ ಸೆಟ್ಟಿನಲ್ಲಿ ನೋವು ತಿಂದವರು ನಿರ್ದೇಶಕಿಯಾದಾಗ ಸೆಟ್ಟಿನ ಪದ್ಧತಿಯನ್ನೇ ಬದಲಿಸಿದರು. ಆ ಬದಲಾವಣೆ ನಮ್ಮಲ್ಲೂ ಆಗಬೇಕು, ಆಗಲು ಸಾಧ್ಯವಿದೆ ಎಂಬುದು ನನ್ನ ಅನಿಸಿಕೆ.

1979ರಲ್ಲಿ ಟೊರೊಂಟೊದಲ್ಲಿ ಹುಟ್ಟಿದ ಸಾರಾ ಕ್ಯಾಮೆರಾ ಮುಂದೆ ನಿಂತಾಗ ಇನ್ನೂ ಶಾಲೆ ಸೇರುವ ವಯಸ್ಸು. ಎಂಟು ಒಂಬತ್ತರ ಪ್ರಾಯದಲ್ಲಿ ಟೆರಿ ಗಿಲಿಯಮ್ ಅವರ ‘ದ ಅಡ್ವೆಂಚರ್ಸ್ ಆಫ್ ಬ್ಯಾರನ್ ಮಂಚಾಸನ್’ಗಾಗಿ ರೋಮ್‌ಗೆ ಹೋದರು. ಸ್ಫೋಟಗಳ ನಡುವೆ ಓಡುವ ದೃಶ್ಯಗಳು, ತಣ್ಣೀರಿನ ತೊಟ್ಟಿಯಲ್ಲಿ ಗಂಟೆಗಟ್ಟಲೆ ಕಾಯುವುದು, ಕೊನೆಗೊಮ್ಮೆ ಆಸ್ಪತ್ರೆ. ದೊಡ್ಡವಳಾದ ಮೇಲೆ ಅವರು ಇದನ್ನೆಲ್ಲ ಬರೆದರು, ನಿರ್ದೇಶಕರಿಗೇ ಪತ್ರ ಕಳಿಸಿ ಕೇಳಿದರು. 2022ರಲ್ಲಿ ಬಂದ ‘ರನ್ ಟುವರ್ಡ್ಸ್ ದ ಡೇಂಜರ್’ ಪ್ರಬಂಧ ಸಂಕಲನದಲ್ಲಿ ಅದೇ ಪ್ರಸಂಗವನ್ನು ಮತ್ತೆ ಕೈಗೆತ್ತಿಕೊಂಡು, ಸುತ್ತಲಿದ್ದ ದೊಡ್ಡವರೆಲ್ಲರ ಹೊಣೆಯನ್ನೂ ತೂಗಿ ನೋಡಿದ್ದಾರೆ. ಒಬ್ಬ ಮೇಧಾವಿಯ ಚಿತ್ರದಲ್ಲಿ ಮಗಳು ಇದ್ದಾಳೆ ಎಂಬ ಸಂಭ್ರಮದಲ್ಲಿ ಮಗುವಿನ ಹೆದರಿಕೆ ಯಾರ ಕಣ್ಣಿಗೂ ಬೀಳಲಿಲ್ಲ.

ಆಮೇಲೆ ಬಂದದ್ದು ‘ರೋಡ್ ಟು ಏವನ್ಲೀ’ ಧಾರಾವಾಹಿ. ಎಲ್. ಎಂ. ಮಾಂಟ್ಗಮರಿಯ ಕಥೆಗಳನ್ನು ಆಧರಿಸಿ 1990ರಿಂದ 1996ರವರೆಗೆ ಏಳು ಸೀಸನ್ ನಡೆದ ಇದು ಸಾರಾ ಅವರನ್ನು ಮನೆಮಾತಾಗಿಸಿತು. ಅವರ ಪಾತ್ರ ತಾಯಿಯಿಲ್ಲದ ಹುಡುಗಿಯದು. 1990ರ ಜನವರಿಯಲ್ಲಿ, ಹನ್ನೊಂದು ತುಂಬಿದ ವಾರದಲ್ಲೇ, ನಿಜಜೀವನದಲ್ಲೂ ತಾಯಿ ಡಯಾನ್ ಕ್ಯಾನ್ಸರ್‌ನಿಂದ ತೀರಿಕೊಂಡರು. ಮಗು ಮತ್ತೆ ಅದೇ ಪಾತ್ರದ ವೇಷ ಹಾಕಿ ನಿಲ್ಲಬೇಕಾಯಿತು.

ಅದಕ್ಕೆ ಕೆಲವು ವರ್ಷ ಮೊದಲು ನಮ್ಮ ಆಗುಂಬೆಯಲ್ಲಿ ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ತೆಗೆದಿದ್ದರು. ಅಲ್ಲೂ ಸಾಹಿತ್ಯ, ಅಲ್ಲೂ ಒಂದು ಮಗುವಿನ ಮುಖವೇ ಧಾರಾವಾಹಿಯ ಜೀವ. ಪುನೀತ್ ರಾಜ್‌ಕುಮಾರ್ ಅವರಿಗೆ ‘ಬೆಟ್ಟದ ಹೂವು’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂದದ್ದೂ ಆ ಎಂಬತ್ತರ ದಶಕದಲ್ಲೇ. ನಮ್ಮ ಬಾಲನಟರ ಬಗ್ಗೆ ನಾವು ಹೇಳಿಕೊಳ್ಳುವುದೆಲ್ಲ ಪ್ರತಿಭೆಯ ಮಾತು. ಆ ಮಗು ಎಷ್ಟು ಗಂಟೆ ಕೆಲಸ ಮಾಡಿತು, ಯಾವಾಗ ಮಲಗಿತು, ಸಂಭಾವನೆ ಯಾರ ಖಾತೆಗೆ ಹೋಯಿತು ಎಂದು ಕೇಳುವ ರೂಢಿ ನಮಗಿಲ್ಲ. ಕೆನಡಾದಲ್ಲೂ ಇರಲಿಲ್ಲ. ಟೊರೊಂಟೊ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ ಬಾಲಕಲಾವಿದರ ರಕ್ಷಣೆಗೆಂದೇ ಕಾನೂನು ಬಂದದ್ದು 2015ರಲ್ಲಿ, ಜಾರಿಯಾದದ್ದು 2016ರಲ್ಲಿ. ಅಂದರೆ ಸಾರಾ ಅವರಿಗೆ ಮೂವತ್ತೇಳಾದ ಮೇಲೆ.

ಭಾರತದಲ್ಲೂ ಕಾನೂನಿದೆ, ಮತ್ತು ಅದು ಸಾಕಷ್ಟು ಒಳ್ಳೆಯ ಕಾನೂನು. 2017ರ ಬಾಲಕಾರ್ಮಿಕ ತಿದ್ದುಪಡಿ ನಿಯಮಗಳ ಪ್ರಕಾರ ಬಾಲಕಲಾವಿದರಿಗೆ ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸವಿಲ್ಲ. ವಿರಾಮವಿಲ್ಲದೆ ಮೂರು ಗಂಟೆ ದಾಟುವಂತಿಲ್ಲ. ಸತತ 27 ದಿನಕ್ಕಿಂತ ಹೆಚ್ಚು ದುಡಿಸುವಂತಿಲ್ಲ. ನಿರ್ಮಾಪಕರು ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಪಡೆಯಬೇಕು, ಐದು ಮಕ್ಕಳಿಗೆ ಒಬ್ಬರಂತೆ ಜವಾಬ್ದಾರಿಯ ವ್ಯಕ್ತಿಯನ್ನು ನೇಮಿಸಬೇಕು. ಸಂಭಾವನೆಯಲ್ಲಿ ಕನಿಷ್ಠ ಶೇ. 20ನ್ನು ಮಗುವಿನ ಹೆಸರಿನಲ್ಲೇ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಎಫ್‌ಡಿ ಇಡಬೇಕು. ಮಗುವಿಗೆ ಇಷ್ಟವಿಲ್ಲದ್ದನ್ನು ಮಾಡಿಸಬಾರದು ಎಂದೂ ಸ್ಪಷ್ಟವಾಗಿ ಬರೆದಿದೆ.

ಆದರೆ ಸೆಟ್ಟಿನಲ್ಲಿ ಈ ಐದು ಗಂಟೆಯ ಲೆಕ್ಕ ತಪ್ಪುವುದು ಯಾರೋ ಕೆಟ್ಟವರಾದದ್ದರಿಂದಲ್ಲ, ಶೆಡ್ಯೂಲ್ ಹಾಕುವ ಕ್ರಮದಿಂದ. ದೊಡ್ಡ ನಟರ ಡೇಟ್ಸ್ ಸಿಗುವುದು ಕಷ್ಟ, ಹಾಗಾಗಿ ಅವರ ಶಾಟ್‌ಗಳು ಮೊದಲು. ಮಗು ಬೆಳಿಗ್ಗೆಯೇ ಮೇಕಪ್ ಹಾಕಿಸಿಕೊಂಡು ಕೂತಿರುತ್ತದೆ, ಅದರ ಕ್ಲೋಸಪ್ ಬರುವುದು ಸಂಜೆಗೆ. ಅಷ್ಟರಲ್ಲಿ ಮಗು ಸೋತಿರುತ್ತದೆ, ಟೇಕ್ ಮೇಲೆ ಟೇಕ್ ಆಗುತ್ತದೆ, ಗದರಿಕೆ ಶುರುವಾಗುತ್ತದೆ. ಮಗುವಿನ ಕ್ಲೋಸಪ್ಪುಗಳನ್ನು ದಿನದ ಮೊದಲ ಭಾಗದಲ್ಲೇ ಮುಗಿಸಿ, ಎದುರಿನ ನಟರ ಶಾಟ್‌ಗೆ ಮಗುವಿನ ಭುಜ ಮಾತ್ರ ಬೇಕಿದ್ದರೆ ಅದೇ ಎತ್ತರದ ಬೇರೆಯವರನ್ನು ನಿಲ್ಲಿಸಿದರೆ ಅರ್ಧ ಸಮಸ್ಯೆ ಅಲ್ಲೇ ಕಳೆಯುತ್ತದೆ. ಲೈಟಿಂಗ್ ಸರಿಮಾಡುವಾಗಲೂ ಅಷ್ಟೇ, ಮಗು ಅಲ್ಲಿ ನಿಂತಿರಬೇಕಾಗಿಲ್ಲ. ಸ್ಫೋಟದ ದೃಶ್ಯದಲ್ಲಿ ಮಗುವಿನ ಮುಖವನ್ನು ಬೇರೆಯಾಗಿ ತೆಗೆದು ಬೆಂಕಿ, ಸದ್ದುಗಳನ್ನು ಆಮೇಲೆ ಕೂಡಿಸಬಹುದು. ಜವಾಬ್ದಾರಿಯ ವ್ಯಕ್ತಿಯ ಬಗ್ಗೆಯೂ ಒಂದು ಮಾತು: ಆತನ ಸಂಬಳ ಪ್ರೊಡಕ್ಷನ್ ಮ್ಯಾನೇಜರ್ ಕೈಯಲ್ಲಿದ್ದರೆ ‘ಸಾಕು, ನಿಲ್ಲಿಸಿ’ ಎನ್ನುವ ಧೈರ್ಯ ಆತನಿಗೆ ಬರುವುದು ಕಷ್ಟ.

ಸಾರಾ ನಟನೆಯಿಂದ ನಿರ್ದೇಶನಕ್ಕೆ ಬಂದ ದಾರಿ ನನಗೆ ತುಂಬ ಇಷ್ಟ. 1997ರಲ್ಲಿ ಆಟಮ್ ಎಗೋಯನ್ ಅವರ ‘ದ ಸ್ವೀಟ್ ಹಿಯರ್‌ಆಫ್ಟರ್’ ಆದ ಮೇಲೆ ಹಾಲಿವುಡ್ ಅವರನ್ನು ತಾರೆ ಮಾಡಲು ತಯಾರಾಗಿತ್ತು. ‘ಆಲ್ಮೋಸ್ಟ್ ಫೇಮಸ್’ ಚಿತ್ರದ ದೊಡ್ಡ ಪಾತ್ರ ಬಿಟ್ಟು ಅವರು ಕೆನಡಾದಲ್ಲೇ ಉಳಿದರು. ಆ ಪಾತ್ರ ಕೇಟ್ ಹಡ್ಸನ್ ಅವರಿಗೆ ಹೋಯಿತು. ಆಮೇಲೆ ನಾರ್ಮನ್ ಜುವಿಸನ್ ಟೊರೊಂಟೊದಲ್ಲಿ ಕಟ್ಟಿದ ಕೆನಡಿಯನ್ ಫಿಲ್ಮ್ ಸೆಂಟರ್‌ನಲ್ಲಿ ನಿರ್ದೇಶನ ಕಲಿತು, ಕಿರುಚಿತ್ರಗಳನ್ನು ಮಾಡಿ, 2006ರಲ್ಲಿ ಮೊದಲ ದೊಡ್ಡ ಚಿತ್ರಕ್ಕೆ ಬಂದರು. ಹೆಸರಿದೆ ಎಂದು ನೇರವಾಗಿ ನಿರ್ದೇಶಕರ ಕುರ್ಚಿಗೆ ಹಾರಲಿಲ್ಲ. ನಮ್ಮಲ್ಲಿ ನಾಯಕನಟರು ನಿರ್ದೇಶಕರಾಗುವುದು ಮಾಮೂಲು, ನಟಿಯರು ಆಗುವುದು ಅಪರೂಪ. ಲಕ್ಷ್ಮಿ ‘ಮಕ್ಕಳ ಸೈನ್ಯ’ ಮಾಡಿದರು, ಆರತಿ ಬಹಳ ವರ್ಷಗಳ ಬಳಿಕ ‘ಮಿಠಾಯಿ ಮನೆ’ ಮಾಡಿದರು. ಎರಡೂ ಮಕ್ಕಳ ಚಿತ್ರಗಳು ಎಂಬುದನ್ನು ಗಮನಿಸಿ.

ಸಾರಾ ಅವರ ಆ ಮೊದಲ ಚಿತ್ರ ‘ಅವೇ ಫ್ರಮ್ ಹರ್’. ಆಲಿಸ್ ಮನ್ರೋ ಅವರ ಸಣ್ಣಕಥೆ ಅದರ ಮೂಲ. ಮರೆವಿನ ಕಾಯಿಲೆಯ ಹೆಂಡತಿ ಆರೈಕೆ ಕೇಂದ್ರ ಸೇರುತ್ತಾಳೆ. ಮೊದಲ ಮೂವತ್ತು ದಿನ ಯಾರೂ ಭೇಟಿಗೆ ಬರುವಂತಿಲ್ಲ ಎಂಬುದು ಅಲ್ಲಿನ ನಿಯಮ. ಗಂಡ ಮರಳಿ ಬರುವಷ್ಟರಲ್ಲಿ ಅವಳಿಗೆ ಬೇರೊಬ್ಬ ರೋಗಿಯೇ ಆತ್ಮೀಯ. ಇಡೀ ಚಿತ್ರ ಆ ಒಂದು ನಿಯಮದ ಮೇಲೆ ನಿಂತಿದೆ, ಅದನ್ನು ಹಿಗ್ಗಿಸಲು ಸಾರಾ ಉಪಕಥೆಗಳನ್ನು ತುರುಕಲಿಲ್ಲ. ಇಪ್ಪತ್ತೇಳರ ಹುಡುಗಿ ಮುಪ್ಪಿನ ದಾಂಪತ್ಯವನ್ನು ಹೀಗೆ ಹಿಡಿದದ್ದಕ್ಕೆ ಚಿತ್ರಕಥೆ ವಿಭಾಗದಲ್ಲಿ ಆಸ್ಕರ್ ನಾಮನಿರ್ದೇಶನ ಸಿಕ್ಕಿತು, ಜೂಲಿ ಕ್ರಿಸ್ಟಿ ಅವರಿಗೆ ನಟನೆಗೆ. ಸಾಹಿತ್ಯದಿಂದ ಸಿನಿಮಾ ಮಾಡುವುದರಲ್ಲಿ ಕನ್ನಡಿಗರು ಯಾರಿಗೂ ಕಡಿಮೆಯಿಲ್ಲ. ‘ಸಂಸ್ಕಾರ’, ‘ಘಟಶ್ರಾದ್ಧ’, ಪ್ರೇಮಾ ಕಾರಂತರ ‘ಫಣಿಯಮ್ಮ’ ಬಂದ ನಾಡು ನಮ್ಮದು. ಸಾಹಿತ್ಯದ ಮೇಲಿನ ಆ ನಂಬಿಕೆಯನ್ನು ಇಂದಿನವರು ಬಿಟ್ಟುಕೊಡುತ್ತಿರುವುದು ನನಗೆ ನೋವು ಕೊಡುತ್ತದೆ.

ಸಾರಾ ಅವರ ಚಿತ್ರಗಳಲ್ಲಿ ನನ್ನ ಮಟ್ಟಿಗೆ ಶ್ರೇಷ್ಠವಾದದ್ದು 2012ರ ಸಾಕ್ಷ್ಯಚಿತ್ರ ‘ಸ್ಟೋರೀಸ್ ವಿ ಟೆಲ್’. ಸಾಕಿ ಬೆಳೆಸಿದ ಮೈಕಲ್ ಪಾಲಿ ತನ್ನ ಹೆತ್ತ ತಂದೆಯಲ್ಲ, ಮಾಂಟ್ರಿಯಲ್‌ನ ನಿರ್ಮಾಪಕ ಹ್ಯಾರಿ ಗಲ್ಕಿನ್ ಎಂದು ಡಿಎನ್‌ಎ ಪರೀಕ್ಷೆಯಿಂದ ತಿಳಿದ ಮೇಲೆ ಅವರು ತಾವೇ ಹೇಳಿಕೊಳ್ಳಲು ಕೂರಲಿಲ್ಲ. ಅಣ್ಣಂದಿರು, ಅಕ್ಕಂದಿರು, ತಾಯಿಯ ಗೆಳೆಯರು, ಇಬ್ಬರು ತಂದೆಯರು, ಒಬ್ಬೊಬ್ಬರಿಂದಲೂ ಮೊದಲಿನಿಂದ ಕಥೆ ಹೇಳಿಸಿದರು. ಮೈಕಲ್ ತಾವೇ ಬರೆದದ್ದನ್ನು ಸ್ಟುಡಿಯೋದಲ್ಲಿ ಓದುತ್ತಾರೆ, ಮಗಳು ‘ಆ ಸಾಲು ಇನ್ನೊಮ್ಮೆ’ ಎಂದು ಓದಿಸುತ್ತಾರೆ. ಮನೆಯವರೇ ತೆಗೆದ ಹಳೆಯ ಸೂಪರ್ 8 ರೀಲು ಎಂದು ನಾವು ನಂಬಿದ್ದರಲ್ಲಿ ಎಷ್ಟೋ ಭಾಗ ನಟರನ್ನಿಟ್ಟು ಹೊಸದಾಗಿ ಚಿತ್ರಿಸಿದ್ದು ಎಂಬುದು ತಡವಾಗಿ ಗೊತ್ತಾಗುತ್ತದೆ. ಇಂಥ ಚಿತ್ರಕ್ಕೆ ಹಣ ಹಾಕಿದ್ದು ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡ್, 1939ರಲ್ಲಿ ಶುರುವಾದ ಸರ್ಕಾರಿ ಸಂಸ್ಥೆ. ಕರ್ನಾಟಕದಲ್ಲಿ ಸಬ್ಸಿಡಿ ಸಿಗುವುದು ಚಿತ್ರ ಮುಗಿದ ಮೇಲೆ. ಕೆನಡಾದಲ್ಲಿ ಸರ್ಕಾರದ ಹಣ ಚಿತ್ರ ಇನ್ನೂ ಬರಹದಲ್ಲಿರುವಾಗಲೇ ಒಳಗೆ ಬರಬಹುದು. ಕೈಯಲ್ಲಿ ಹಣವಿಲ್ಲದವರು ಚಿತ್ರ ಶುರು ಮಾಡಬಲ್ಲರೇ ಎಂಬುದು ಈ ವ್ಯತ್ಯಾಸದಿಂದಲೇ ನಿರ್ಧಾರವಾಗುತ್ತದೆ.

2015ರಲ್ಲಿ ಸಮುದಾಯ ಕೇಂದ್ರವೊಂದರಲ್ಲಿ ತೂಗುಹಾಕಿದ್ದ ಅಗ್ನಿಶಾಮಕ ಸಿಲಿಂಡರ್ ತಲೆಗೆ ಬಡಿದು ಸಾರಾ ವರ್ಷಗಟ್ಟಲೆ ನರಳಿದರು. ಚೇತರಿಸಿಕೊಂಡ ಮೇಲೆ ಮಾಡಿದ್ದು ‘ವಿಮೆನ್ ಟಾಕಿಂಗ್’. ಮಿರಿಯಮ್ ಟೇವ್ಸ್ ಅವರ ಕಾದಂಬರಿ ಆಧರಿಸಿದ ಈ ಚಿತ್ರದಲ್ಲಿ ಅತ್ಯಾಚಾರಕ್ಕೊಳಗಾದ ಮೆನ್ನೊನೈಟ್ ಎಂಬ ಕ್ರೈಸ್ತ ಪಂಥದ ಹೆಂಗಸರು ಹುಲ್ಲಿನ ಅಟ್ಟದ ಮೇಲೆ ಕೂತು ಚರ್ಚಿಸುತ್ತಾರೆ: ಸುಮ್ಮನಿರಬೇಕೇ, ನಿಂತು ಹೋರಾಡಬೇಕೇ, ಊರು ಬಿಡಬೇಕೇ? ಛಾಯಾಗ್ರಾಹಕ ಲೂಕ್ ಮಾಂಟ್‌ಪೆಲಿಯೆ ಮತ್ತು ಸಾರಾ ಅತಿ ಅಗಲದ 2.76:1 ಚೌಕಟ್ಟು ಆರಿಸಿಕೊಂಡರು. ಒಬ್ಬಳು ಮಾತಾಡುವಾಗ ಕೇಳುವವರ ಮುಖಗಳೂ ಅದೇ ಶಾಟ್‌ನಲ್ಲಿ ಉಳಿಯುತ್ತವೆ.

ಇಂಥ ವಸ್ತುವಿನ ಚಿತ್ರೀಕರಣಕ್ಕೆ ಅವರು ಸೆಟ್ಟಿನಲ್ಲಿ ಮನಶ್ಶಾಸ್ತ್ರಜ್ಞರನ್ನು ಇರಿಸಿದರು. ದಿನದ ಕೆಲಸದ ಅವಧಿ ಕಡಿಮೆ ಮಾಡಿದರು, ತಾಯಿ ತಂದೆಯರಾದ ಕಲಾವಿದರು, ತಂತ್ರಜ್ಞರು ಮನೆಗೆ ಹೋಗಿ ಮಕ್ಕಳನ್ನು ಮಲಗಿಸುವಂತಾಗಲಿ ಎಂದು. ಕೆನಡಾದಲ್ಲೂ ಇದು ರೂಢಿಯಲ್ಲ, ಹನ್ನೆರಡು ಹದಿನಾಲ್ಕು ಗಂಟೆ ಇಲ್ಲೂ ಸಾಮಾನ್ಯ. ಆದರೆ ಇಲ್ಲಿನ ಯೂನಿಯನ್ ಒಪ್ಪಂದಗಳಲ್ಲಿ ಪ್ಯಾಕಪ್‌ಗೂ ಮರುದಿನದ ಕಾಲ್‌ಟೈಮ್‌ಗೂ ನಡುವೆ ಇಂತಿಷ್ಟು ಗಂಟೆ ಬಿಡುವು ಕೊಡಬೇಕು, ತಪ್ಪಿದರೆ ದಂಡ ಕಟ್ಟಬೇಕು. ದಂಡ ಇದ್ದಾಗ ನಿರ್ಮಾಪಕರೇ ಗಡಿಯಾರ ನೋಡುತ್ತಾರೆ. ನಮ್ಮಲ್ಲಿ ಒಂದೂವರೆ ಕಾಲ್‌ಶೀಟ್ (ಒಂದೂವರೆ ಪಾಳಿಯ ಕೆಲಸ) ಎಂದು ಹೆಚ್ಚು ಬಾಟಾ (ದಿನಭತ್ಯೆ) ಕೊಟ್ಟರೆ ಲೆಕ್ಕ ಚುಕ್ತಾ. ರಾತ್ರಿ ಎರಡಕ್ಕೆ ಪ್ಯಾಕಪ್ ಆದ ಲೈಟ್‌ಮನ್ ಬೆಳಿಗ್ಗೆ ಏಳಕ್ಕೆ ಮತ್ತೆ ಬರಬೇಕು, ನಿದ್ದೆಗೆಟ್ಟ ಡ್ರೈವರ್ ಯೂನಿಟ್ ವ್ಯಾನ್ ಓಡಿಸಬೇಕು. ಅಪಘಾತಗಳು ಹುಟ್ಟುವುದು ಇಲ್ಲೇ.

ಕನ್ನಡಕ್ಕಿರುವ ಒಂದು ಬಲ ಇಂಗ್ಲಿಷ್ ಕೆನಡಾಕ್ಕಿಲ್ಲ: ತನ್ನದೇ ಚಿತ್ರಕ್ಕೆ ಟಿಕೆಟ್ ಕೊಂಡು ಬರುವ ಜನ. ಇಲ್ಲಿನ ಚಿತ್ರಮಂದಿರಗಳಲ್ಲಿ ಹಾಲಿವುಡ್‌ನದೇ ರಾಜ್ಯ, ಸ್ವಂತ ಚಿತ್ರಗಳಿಗೆ ಸಿಗುವ ಪಾಲು ಅತ್ಯಲ್ಪ. ಸಾರಾ ಅವರಂಥವರು ಸರ್ಕಾರದ ಹಣವನ್ನು ನೆಚ್ಚಿಕೊಂಡದ್ದಕ್ಕೆ ಇದೂ ಕಾರಣ. ನಮ್ಮ ಚಿತ್ರರಂಗಕ್ಕೆ ಆ ಅಸಹಾಯಕತೆ ಇಲ್ಲ, ಆದ್ದರಿಂದ ಪದ್ಧತಿ ಬದಲಿಸುವ ಶಕ್ತಿಯೂ ಹೆಚ್ಚಿದೆ. ಶುರು ಮಾಡಲು ಹೊಸ ಕಾನೂನು ಬೇಕಿಲ್ಲ. ಬಾಲಕಲಾವಿದರಿರುವ ಚಿತ್ರ ಸಬ್ಸಿಡಿಗೆ ಅರ್ಜಿ ಹಾಕುವಾಗ ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿಪತ್ರದ ಪ್ರತಿ, ಮಗುವಿನ ಹೆಸರಿನ ಎಫ್‌ಡಿ ರಸೀತಿ, ದಿನವಾರು ಮಗು ಸೆಟ್ಟಿಗೆ ಬಂದ ಮತ್ತು ಬಿಟ್ಟ ಹೊತ್ತಿನ ದಾಖಲೆ, ಈ ಮೂರೂ ಜೊತೆಯಲ್ಲಿರಬೇಕು. ಇವಿಲ್ಲದ ಅರ್ಜಿಯನ್ನು ವಾರ್ತಾ ಇಲಾಖೆ ವಾಪಸ್ ಕಳಿಸಬೇಕು.