ಶನಿವಾರ ರಾತ್ರಿಯ ನಗೆಗೆ ಭಾನುವಾರದ ವಿಮರ್ಶೆ ಬೇಕೇ?

ಅಮೆರಿಕದ ಎನ್‌ಬಿಸಿ ವಾಹಿನಿಯ ‘ಸ್ಯಾಟರ್ಡೇ ನೈಟ್ ಲೈವ್’ ಎಂಬ ನೇರ ಪ್ರಸಾರದ ಹಾಸ್ಯ ಕಾರ್ಯಕ್ರಮ 1975ರ ಅಕ್ಟೋಬರ್ 11ರಂದು ಶುರುವಾಯಿತು. ಐವತ್ತು ವರ್ಷ ದಾಟಿದರೂ ಅದರ ಬಗೆಗಿನ ಜಗಳ ಮುಗಿದಿಲ್ಲ. ಪ್ರತಿ ಸಂಚಿಕೆಯನ್ನೂ ಮರುದಿನವೇ ಸ್ಕಿಟ್ ಸ್ಕಿಟ್‌ಗೆ ಬಿಡಿಸಿ ವಿಮರ್ಶಿಸುವ, ದರ್ಜೆ ಕೊಡುವ ರೂಢಿ ಅಲ್ಲಿದೆ. ಇಂಥ ವಿಮರ್ಶೆ ಬೇಕೇ ಎಂಬ ಪ್ರಶ್ನೆಗೆ ಇಬ್ಬರು ಬರೆದಿದ್ದಾರೆ.

ಪರ: ಆ ತೊಂಬತ್ತು ನಿಮಿಷಕ್ಕೆ ಬೇರೆ ಸಾಕ್ಷಿ ಇಲ್ಲ

ಯೂಟ್ಯೂಬಿನಲ್ಲಿ ಐದು ನಿಮಿಷದ ತುಣುಕು ನೋಡಿ ‘ಈ ವಾರದ ಕಾರ್ಯಕ್ರಮ ಚೆನ್ನಾಗಿತ್ತು’ ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅವರು ಕಾರ್ಯಕ್ರಮ ನೋಡಿಲ್ಲ. ಮದುವೆಗೆ ಹೋಗದೆ ಆಲ್ಬಮ್ ತಿರುವಿದ್ದಾರೆ.

ಸಂಚಿಕೆ ಎಂದರೆ ತೊಂಬತ್ತು ನಿಮಿಷ. ನ್ಯೂಯಾರ್ಕಿನ ರಾಕ್‌ಫೆಲ್ಲರ್ ಪ್ಲಾಜಾದ 30ನೇ ಸಂಖ್ಯೆಯ ಕಟ್ಟಡದಲ್ಲಿ, ಒಂದು ಕಾಲಕ್ಕೆ ಇಟಲಿಯ ಸಂಗೀತಗಾರ ಟೊಸ್ಕನಿನಿ ವಾದ್ಯವೃಂದ ನಡೆಸಿದ 8ಎಚ್ ಸ್ಟುಡಿಯೊದಲ್ಲಿ, ರಾತ್ರಿ 11.30ಕ್ಕೆ ಹಿಡಿದ ಉಸಿರನ್ನು 1 ಗಂಟೆಗೆ ಬಿಡುವ ಕೆಲಸ ಅದು. ಸೋಮವಾರ ಆ ವಾರದ ಅತಿಥಿ ನಿರೂಪಕರ ಮುಂದೆ ಇರುವುದು ಬರಿಯ ಹೊಳಹುಗಳು. ಮಂಗಳವಾರ ರಾತ್ರಿಯಿಡೀ ಬರೆಯುತ್ತಾರೆ. ಬುಧವಾರ ಮೇಜಿನ ಸುತ್ತ ಕುಳಿತು ನಲವತ್ತರ ಆಸುಪಾಸು ಸ್ಕಿಟ್‌ಗಳನ್ನು ಗಟ್ಟಿಯಾಗಿ ಓದುತ್ತಾರೆ. ಅವುಗಳಲ್ಲಿ ಹೆಚ್ಚಿನವು ಅಲ್ಲೇ ಸಾಯುತ್ತವೆ. ಉಳಿದವಕ್ಕೆ ಎರಡು ದಿನದಲ್ಲಿ ಮನೆ, ಅಂಗಡಿ, ನ್ಯಾಯಾಲಯಗಳ ಸೆಟ್ಟು ಏಳುತ್ತದೆ. ಶನಿವಾರ ರಾತ್ರಿ 8ಕ್ಕೆ ಪ್ರೇಕ್ಷಕರನ್ನು ಕೂರಿಸಿಕೊಂಡೇ ಡ್ರೆಸ್ ರಿಹರ್ಸಲ್. ಅದು ಮುಗಿದು ನೇರ ಪ್ರಸಾರ ಶುರುವಾಗುವುದರೊಳಗೆ ನಿರ್ಮಾಪಕ ಲೋರ್ನ್ ಮೈಕಲ್ಸ್ ಕೆಲವು ಸ್ಕಿಟ್‌ಗಳನ್ನು ಕಿತ್ತುಹಾಕುತ್ತಾರೆ, ಉಳಿದವನ್ನು ಹಿಂದುಮುಂದು ಮಾಡುತ್ತಾರೆ.

ಈ ಹಿಂದುಮುಂದಿನಲ್ಲೇ ಸಂಚಿಕೆಯ ಜೀವವಿದೆ. ಯಾವುದು ಮೊದಲು, ಯಾವುದು ಆಮೇಲೆ ಎಂಬ ತೀರ್ಮಾನವೇ ಒಂದು ಬರವಣಿಗೆ. ಮೊದಲ ಅರ್ಧ ಗಂಟೆಗೆ ಎಲ್ಲರಿಗೂ ಹಿಡಿಸುವಂಥದ್ದು ಬೇಕು. ಅತಿಥಿ ಗಾಯಕರ ಎರಡು ಹಾಡುಗಳ ನಡುವೆ ಮನಸ್ಸು ಎತ್ತ ವಾಲುತ್ತದೆ ಎಂಬ ಅಂದಾಜು ಬೇಕು. ರಾತ್ರಿ 12.50ರ ಹೊತ್ತಿಗೆ ಬರುವ ಕೊನೆಯ ಸ್ಕಿಟ್‌ಗೆ ಅಲ್ಲಿನವರು ‘ಟೆನ್ ಟು ಒನ್’ ಎಂದೇ ಹೆಸರಿಟ್ಟಿದ್ದಾರೆ. ಅದು ತಿಕ್ಕಲು ಸ್ಕಿಟ್‌ಗಳ ಜಾಗ. ಅರ್ಧ ನಿದ್ದೆಯಲ್ಲಿರುವ, ಸ್ವಲ್ಪ ಹದ ತಪ್ಪಿದ ಪ್ರೇಕ್ಷಕನಿಗೆಂದೇ ಬರೆದದ್ದು. ಅದೇ ಸ್ಕಿಟ್ಟನ್ನು 11.45ಕ್ಕೆ ಹಾಕಿದರೆ ನೆಲಕಚ್ಚುತ್ತದೆ. ಬೆಳಿಗ್ಗೆ ಹತ್ತಕ್ಕೆ ಮೊಬೈಲಿನಲ್ಲಿ ನೋಡಿದರೂ ನೆಲಕಚ್ಚುತ್ತದೆ. ಇದನ್ನು ಹೇಳಬಲ್ಲವನು ತೊಂಬತ್ತು ನಿಮಿಷವೂ ಕುಳಿತು ನೋಡಿದ ವಿಮರ್ಶಕ ಮಾತ್ರ.

2005ರ ಡಿಸೆಂಬರ್ 17ರಂದು ಪ್ರಸಾರವಾದ ‘ಲೇಝಿ ಸಂಡೇ’ ಎಂಬ ಕಿರು ವಿಡಿಯೊ, ಇನ್ನೂ ಎಳೆಗೂಸಾಗಿದ್ದ ಯೂಟ್ಯೂಬಿನಲ್ಲಿ ಕಾಳ್ಗಿಚ್ಚಿನಂತೆ ಹಬ್ಬಿತು. ಸಂಚಿಕೆ ಚೂರಾಗುವುದು ಶುರುವಾದದ್ದು ಆಗಲೇ. ಹಾಗಾದರೆ ಪೂರ್ತಿ ಸಂಚಿಕೆ ಎಲ್ಲಾದರೂ ಭದ್ರವಾಗಿದೆಯೇ? ಎನ್‌ಬಿಸಿಯ ಸ್ಟ್ರೀಮಿಂಗ್ ತಾಣ ಪೀಕಾಕ್‌ನಲ್ಲಿ ಹಳೆಯ ಸಂಚಿಕೆಗಳನ್ನು ಹುಡುಕಿ ನೋಡಿ. ಹಾಡುಗಳ ಹಕ್ಕಿನ ತೊಡಕಿನಿಂದ ಎಷ್ಟೋ ಸಂಚಿಕೆಗಳು ಕೈಕಾಲು ಕತ್ತರಿಸಿಕೊಂಡು ನಿಂತಿವೆ. ಇನ್ನು 1992ರ ಅಕ್ಟೋಬರ್ 3. ಗಾಯಕಿ ಶಿನೇಡ್ ಓ’ಕಾನರ್ ಹಾಡು ಮುಗಿಸಿ, ಕ್ಯಾಮೆರಾದ ಮುಂದೆಯೇ ಪೋಪ್ ಎರಡನೇ ಜಾನ್ ಪಾಲ್ ಅವರ ಚಿತ್ರವನ್ನು ಹರಿದು ಎಸೆದರು. ಸ್ಟುಡಿಯೊ ಮೌನವಾಯಿತು. ಡ್ರೆಸ್ ರಿಹರ್ಸಲ್‌ನಲ್ಲಿ ಅವರು ಎತ್ತಿ ತೋರಿಸಿದ್ದದ್ದು ಒಂದು ಮಗುವಿನ ಫೋಟೊವನ್ನು. ಮರುಪ್ರಸಾರಕ್ಕೆ ವಾಹಿನಿ ಹಾಕಿದ್ದು ಆ ರಿಹರ್ಸಲ್ ದೃಶ್ಯವನ್ನೇ. ಆ ರಾತ್ರಿ ನೋಡಿದವರು ಬರೆದಿಡದೇ ಹೋಗಿದ್ದರೆ ಮರುಪ್ರಸಾರವೇ ಸತ್ಯವಾಗಿಬಿಡುತ್ತಿತ್ತು.

ನನ್ನದೇ ಒಂದು ಅನುಭವ ಹೇಳುತ್ತೇನೆ. 2004ರಲ್ಲಿ ನಾನು ಓದಲೆಂದು ಅಮೆರಿಕಕ್ಕೆ ಹೋಗಿ, ನ್ಯೂಜೆರ್ಸಿಯಲ್ಲಿ ಅಕ್ಕನ ಮನೆಯಲ್ಲಿದ್ದೆ. ಶನಿವಾರ ರಾತ್ರಿ ಮಗು ಮಲಗಿದ ಮೇಲೆ ಅಕ್ಕ ಟಿ.ವಿ.ಯ ಸದ್ದು ತಗ್ಗಿಸಿ ಈ ಕಾರ್ಯಕ್ರಮ ಹಾಕುತ್ತಿದ್ದಳು. ಭಾವ ದಣಿದು ಬಂದು ಸೋಫಾದ ತುದಿಯಲ್ಲಿ ಕೂರುತ್ತಿದ್ದರು. ಅವರಿಗೆ ಅಲ್ಲಿನ ರಾಜಕೀಯದ ಹಾಸ್ಯ ಹತ್ತುತ್ತಿರಲಿಲ್ಲ; ಪಾಪ, ನಮಗೋಸ್ಕರ ಕೂರುತ್ತಿದ್ದರು. ನಾನು ಮಡಿಲಲ್ಲಿ ನೋಟ್‌ಬುಕ್ ಇಟ್ಟುಕೊಂಡು ಪ್ರತಿ ಸ್ಕಿಟ್‌ಗೂ ಎರಡು ಸಾಲು ಬರೆಯುತ್ತಿದ್ದೆ.

ಮೇ 1ರ ರಾತ್ರಿ. ನಿರೂಪಕಿ ಲಿಂಡ್ಸೆ ಲೋಹನ್. ಒಂದು ಕುಟುಂಬ ಡಿಸ್ನಿ ವರ್ಲ್ಡ್‌ಗೆ ಬಂದು ತಿಂಡಿಗೆ ಕುಳಿತಿದೆ. ಎಲ್ಲರೂ ಸಂಭ್ರಮದಲ್ಲಿದ್ದಾರೆ. ರೇಚಲ್ ಡ್ರ್ಯಾಚ್ ಮಾಡಿದ ಡೆಬ್ಬಿ ಡೌನರ್ ಎಂಬ ಹೆಂಗಸು ಮಾತ್ರ ಯಾರು ಏನೇ ಹೇಳಲಿ, ಅದಕ್ಕೊಂದು ರೋಗದ, ಸಾವಿನ, ಅನಾಹುತದ ಸುದ್ದಿ ಸೇರಿಸುತ್ತಾಳೆ. ಪ್ರತಿ ಸಲವೂ ಕ್ಯಾಮೆರಾ ಅವಳ ಜೋಲು ಮುಖಕ್ಕೆ ನುಗ್ಗುತ್ತದೆ, ಹಿಂದಿನಿಂದ ಟ್ರಾಂಬೋನ್ ಅಳುತ್ತದೆ. ಮೊದಲು ಎಡವಿದ್ದು ಡ್ರ್ಯಾಚ್ ಅವರೇ. ಒಂದು ಮಾತು ತೊದಲಿ ತುಟಿ ನಡುಗಿತು. ಕ್ಯಾಮೆರಾ ಇನ್ನೂ ಹತ್ತಿರ ಬಂತು. ಜೋಲು ಮುಖ ಮಾಡಬೇಕಾದ ಜಾಗದಲ್ಲಿ ಅವರ ಕೆನ್ನೆ ಕುಣಿಯುತ್ತಿತ್ತು. ಅಲ್ಲಿಂದ ಮುಂದೆ ಮೇಜಿನ ಸುತ್ತ ಒಬ್ಬೊಬ್ಬರೇ ಕುಸಿದರು. ಜಿಮ್ಮಿ ಫಾಲನ್ ಅವರಿಂದ ಆಗಲಿಲ್ಲ, ಲೋಹನ್ ಅವರಿಂದ ಆಗಲಿಲ್ಲ. ಹೊರೇಷಿಯೊ ಸ್ಯಾಂಜ್ ತಟ್ಟೆಯಲ್ಲಿದ್ದ ವಾಫಲ್ ಎತ್ತಿಕೊಂಡು ಅದರಿಂದಲೇ ಕಣ್ಣೊರೆಸಿಕೊಂಡರು.

ಭಾವ ಸೋಫಾದ ತುದಿಯಿಂದ ಮುಂದಕ್ಕೆ ಬಾಗಿದ್ದರು. ‘ಇವರಿಗೆ ಮಾತು ಮರೆತುಹೋಯಿತೇನೋ?’ ಎಂದು ಕೇಳಿದರು. ‘ಇಲ್ಲ ಭಾವ, ನಗು ತಡೆಯಲಾಗುತ್ತಿಲ್ಲ’ ಎಂದೆ. ಅಷ್ಟೇ ಸಾಕಾಯಿತು. ಆ ಮನುಷ್ಯ ಬಾಯಿಗೆ ಕೈ ಅಡ್ಡ ಹಿಡಿದು, ಮಗು ಏಳುತ್ತದೆಂದು ಅಕ್ಕ ಗದರಿದರೂ ಕೇಳದೆ, ಭುಜ ಅಲುಗುವಂತೆ ನಕ್ಕರು. ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಎಷ್ಟೋ ವರ್ಷದ ಮೇಲೆ, ಮನೆಯಲ್ಲಿ ಹತ್ತು ಜನ ಸೇರಿದ್ದಾಗ, ಅಕ್ಕನ ಮಗ ಅದೇ ತುಣುಕನ್ನು ಮೊಬೈಲಿನಲ್ಲಿ ಹಾಕಿ ಭಾವನ ಮುಂದೆ ಹಿಡಿದ. ಅವರು ಮುಗುಳ್ನಕ್ಕರು. ‘ಅವತ್ತು ಇದಕ್ಕಿಂತ ಹೆಚ್ಚು ಇತ್ತಲ್ಲ?’ ಎಂದು ನನ್ನ ಕಡೆ ತಿರುಗಿದರು. ನಾನು ಕಪಾಟಿನಿಂದ ಆ ನೋಟ್‌ಬುಕ್ ತೆಗೆದು ಓದಿದೆ. ಸಪ್ಪೆಯೆನಿಸಿದ ಸ್ಕಿಟ್ ಯಾವುದು, ಅಕ್ಕ ಎದ್ದು ನೀರು ತಂದದ್ದು ಯಾವಾಗ, ಕೋಣೆಯಲ್ಲಿ ಬೇಸರ ಹೇಗೆ ಕಟ್ಟಿಕೊಂಡಿತ್ತು, ಯಾವ ಸಾಲಿನಲ್ಲಿ ಒಡೆಯಿತು, ಎಲ್ಲವೂ ಇತ್ತು. ಓದುತ್ತಿದ್ದಂತೆ ಭಾವನ ಭುಜ ಮತ್ತೆ ಅಲುಗತೊಡಗಿತು. ತುಣುಕು ಕೊಡಲಾಗದ್ದನ್ನು ಎರಡೆರಡು ಸಾಲಿನ ಟಿಪ್ಪಣಿ ಕೊಟ್ಟಿತು. ಸಪ್ಪೆ ಸ್ಕಿಟ್‌ಗಳೂ ಆ ನಗುವಿನಲ್ಲಿ ಪಾಲುದಾರರು. ಅವು ಇಲ್ಲದಿದ್ದರೆ ಆ ಸ್ಫೋಟವಿಲ್ಲ. ಕ್ರಮ ಎಂದು ನಾನು ಮತ್ತೆ ಮತ್ತೆ ಹೇಳುತ್ತಿರುವುದು ಇದನ್ನೇ.

ವಿಮರ್ಶೆ ಬೇಡ ಎನ್ನುವವರ ವಾದ ನನಗೆ ಗೊತ್ತಿದೆ. ನಗೆಯನ್ನು ಅಳೆಯಬಾರದು, ಕಲಾವಿದರಿಗೆ ನೋವಾಗುತ್ತದೆ ಎನ್ನುತ್ತಾರೆ. ಹಾಗಾದರೆ ಎಲ್ಲರೂ ಎದ್ದು ನಿಂತು ಎಲ್ಲದಕ್ಕೂ ಚಪ್ಪಾಳೆ ತಟ್ಟಬೇಕೇ? ಆರು ದಿನ ನಿದ್ದೆಗೆಟ್ಟು ದುಡಿದವರಿಗೆ ಸಲ್ಲಬೇಕಾದದ್ದು ಮೈಯೆಲ್ಲ ಕಣ್ಣಾಗಿ ನೋಡುವ ಒಬ್ಬ ಮನುಷ್ಯ. ಕೊನೆಯ ಸ್ಕಿಟ್‌ನಲ್ಲಿ ಒಂದೇ ಸಾಲಿಗೆ ಬಂದು ಹೋಗುವ ಹೊಸ ನಟನನ್ನು ಗುರುತಿಸಿ ಹೆಸರು ಬರೆಯುವವನು ಆ ವಾರದ ವಿಮರ್ಶಕ. ತುಣುಕು ನೋಡುವವರು ಅಲ್ಲಿಯವರೆಗೆ ಬರುವುದೇ ಇಲ್ಲ.

ವಿರೋಧ: ನಾಳೆಯೇ ತೀರ್ಪು ಬೇಡ

ಈ ಪಕ್ಷವನ್ನು ಬರೆಯುತ್ತೀರಾ ಎಂದು ಕೇಳಿದಾಗ ಒಪ್ಪಿಕೊಂಡೆ. ಪೂರ್ತಿಯಾಗಿ ನನ್ನ ಪಕ್ಷವೆಂದು ಹೇಳಲಾರೆ. ಒಳ್ಳೆಯ ವಿಮರ್ಶೆಗಳನ್ನು ನಾನೂ ಇಷ್ಟಪಟ್ಟು ಓದುತ್ತೇನೆ. ನನ್ನ ತಕರಾರು ಇರುವುದು ‘ಪ್ರತಿ ಸಂಚಿಕೆ’ ಮತ್ತು ‘ಮರುದಿನವೇ’ ಎಂಬ ಎರಡು ಮಾತುಗಳ ಮೇಲೆ, ಅದರಲ್ಲೂ ಎ, ಬಿ, ಸಿ ಎಂದು ದರ್ಜೆ ಹಚ್ಚುವುದರ ಮೇಲೆ.

ಕಾರ್ಯಕ್ರಮ ಸಿದ್ಧವಾಯಿತೆಂದು ಶುರುವಾಗುವುದಲ್ಲ, ಗಂಟೆ ಹನ್ನೊಂದೂವರೆ ಆಯಿತೆಂದು ಶುರುವಾಗುತ್ತದೆ ಎಂಬುದು ಲೋರ್ನ್ ಮೈಕಲ್ಸ್ ಹೇಳುವ ಮಾತು. ಅಂದರೆ ಇದು ಅರೆಬೆಂದದ್ದನ್ನೂ ಬಡಿಸುತ್ತೇವೆಂದು ಒಪ್ಪಿಕೊಂಡೇ ನಡೆಯುವ ಪಂಕ್ತಿ. ಅಂಥ ಕಡೆ ತಕ್ಕಡಿ ಹಿಡಿದು ಕೂರುವುದು ತರವಲ್ಲ.

ಆತುರದ ತೀರ್ಪು ಮೊದಲ ತಿಂಗಳಲ್ಲೇ ಮುಗ್ಗರಿಸಿತ್ತು. 1975ರ ಅಕ್ಟೋಬರಿನಲ್ಲಿ ಎರಡನೆಯ ಸಂಚಿಕೆ ನೋಡಿದ ನ್ಯೂಯಾರ್ಕ್ ಟೈಮ್ಸ್‌ನ ಟಿ.ವಿ. ವಿಮರ್ಶಕರು, ಹಾಸ್ಯದಲ್ಲಿ ಗುಣಮಟ್ಟವಿಲ್ಲ ಎಂದು ಬರೆದರು. ನವೆಂಬರ್ ಕೊನೆಯ ಹೊತ್ತಿಗೆ ಅವರೇ ಮನಸಾರೆ ಹೊಗಳಿದರು. ಆರು ವಾರ ತಡೆದಿದ್ದರೆ ಮೊದಲ ಬರಹದ ಅಗತ್ಯವೇ ಬೀಳುತ್ತಿರಲಿಲ್ಲ.

1980ರಲ್ಲಿ ಮೈಕಲ್ಸ್ ಬಿಟ್ಟುಹೋದರು. ಜೀನ್ ಡೂಮೇನಿಯನ್ ಅವರ ಕೈಗೆ ಬಂದ ಕಾರ್ಯಕ್ರಮವನ್ನು ವಿಮರ್ಶಕರು ಹರಿದು ಹಾಕಿದರು. ಹನ್ನೆರಡು ಸಂಚಿಕೆಗಳಿಗೆ ವಾಹಿನಿ ಡೂಮೇನಿಯನ್ ಅವರನ್ನು ತೆಗೆಯಿತು. ಅದೇ ಕೆಟ್ಟ ಸೀಸನ್ನಿನ ಹಿಂದಿನ ಸಾಲಿನಲ್ಲಿ ಮುಂದೆ ಹಾಲಿವುಡ್ ತಾರೆಯಾದ, ಆಗ ಹತ್ತೊಂಬತ್ತು ವರ್ಷದ ಎಡ್ಡಿ ಮರ್ಫಿ ನಿಂತಿದ್ದರು. ಇನ್ನು ಲ್ಯಾರಿ ಡೇವಿಡ್. 1984-85ರಲ್ಲಿ ಅಲ್ಲಿ ಬರಹಗಾರರಾಗಿದ್ದ ಅವರ ಒಂದೇ ಒಂದು ಸ್ಕಿಟ್ ಪ್ರಸಾರವಾಯಿತು. ಮುಂದೆ ಅಮೆರಿಕದ ಟಿ.ವಿ. ಹಾಸ್ಯದ ದಿಕ್ಕನ್ನೇ ಬದಲಿಸಿದ ಮನುಷ್ಯ ಆ ಇಡೀ ವರ್ಷ ವಾರದ ವಿಮರ್ಶೆಗೆ ಕಾಣಿಸಿರಲು ಸಾಧ್ಯವೇ ಇಲ್ಲ. ತೆರೆಯ ಮೇಲೆ ಬಂದದ್ದನ್ನಷ್ಟೇ ಅದು ನೋಡುತ್ತದೆ. 1985ರಲ್ಲಿ ಮೈಕಲ್ಸ್ ಮರಳಿ ಬಂದಾಗಿನ ಸೀಸನ್ನೂ ಏಟು ತಿಂದಿತು. ರಾಬರ್ಟ್ ಡೌನಿ ಜೂನಿಯರ್ ಒಂದೇ ವರ್ಷಕ್ಕೆ ಹೊರಬಿದ್ದರು.

ಸ್ಕಿಟ್‌ಗಳ ಕ್ರಮದ ಬಗ್ಗೆ ದೊಡ್ಡ ಮಾತುಗಳನ್ನಾಡುತ್ತಾರೆ. ಸೋಫಾದ ಮೇಲೆ ಕುಳಿತವರು ನಗುವುದು ನಗು ಬಂದಾಗ. ಹಿಂದಿನ ಸ್ಕಿಟ್ ಯಾವುದಿತ್ತು, ಮುಂದಿನದು ಯಾವುದು ಎಂದು ಲೆಕ್ಕ ಹಾಕುತ್ತ ಯಾರೂ ನಗುವುದಿಲ್ಲ. ಅದು ನಿರ್ಮಾಪಕರ ಕಷ್ಟ, ಅವರಿಗೇ ಬಿಡೋಣ.

ಜೊತೆಗೆ, ಹಾಸ್ಯವನ್ನು ವಿವರಿಸುವ ಬರವಣಿಗೆ ಅದರ ಉಸಿರು ತೆಗೆಯುತ್ತದೆ. 2024ರ ಏಪ್ರಿಲ್ 14ರ ಭಾನುವಾರ ನನಗೆ ಇದು ಚೆನ್ನಾಗಿ ಅರ್ಥವಾಯಿತು. ಹಿಂದಿನ ರಾತ್ರಿ ನಿದ್ದೆ ಹೋಗಿದ್ದೆ. ಬೆಳಿಗ್ಗೆ ಎದ್ದು ಮೊದಲು ವಿಮರ್ಶೆ ಓದಿದೆ, ಆಮೇಲೆ ತಮ್ಮನ ಜೊತೆ ನೋಡಲು ಕುಳಿತೆ. ಕೃತಕ ಬುದ್ಧಿಮತ್ತೆಯ ಬಗ್ಗೆ ಗಂಭೀರ ಚರ್ಚೆ ನಡೆಯುತ್ತಿದೆ. ಕೆನನ್ ಥಾಂಪ್ಸನ್ ಪ್ರಾಧ್ಯಾಪಕ. ಅವರ ಬೆನ್ನ ಹಿಂದಿನ ಕುರ್ಚಿಯಲ್ಲಿ ರಯಾನ್ ಗೋಸ್ಲಿಂಗ್, 1990ರ ದಶಕದ ಕಾರ್ಟೂನಿನ ಬೀವಿಸ್ ಎಂಬ ಹುಡುಗನ ತದ್ರೂಪಾಗಿ, ತಾನು ಹಾಗಿದ್ದೇನೆಂಬ ಅರಿವೇ ಇಲ್ಲದೆ ಕುಳಿತಿದ್ದಾರೆ. ಮುಂದೆ ಮೈಕಿ ಡೇ ಅದೇ ಕಾರ್ಟೂನಿನ ಬಟ್‌ಹೆಡ್ ಆಗಿ, ಒಸಡು ಕಾಣುವಂತೆ ಬಾಯಿ ತೆರೆದುಕೊಂಡು ಬರುತ್ತಾರೆ. ಸಂದರ್ಶಕಿ ಹೈಡಿ ಗಾರ್ಡ್‌ನರ್ ಅತ್ತ ತಿರುಗುತ್ತಾರೆ, ಆ ಮುಖ ನೋಡುತ್ತಾರೆ, ಮಾತು ಸಿಕ್ಕಿಕೊಳ್ಳುತ್ತದೆ.

ಅವರು ಯಾವಾಗ ತಿರುಗುತ್ತಾರೆಂದು ನನಗೆ ಗೊತ್ತಿತ್ತು, ಓದಿದ್ದೆ. ತಮ್ಮನಿಗೆ ಗೊತ್ತಿರಲಿಲ್ಲ. ಅವನು ಕುರ್ಚಿಯಿಂದ ಜಾರಿ ನೆಲಕ್ಕೆ ಕೂತು, ‘ಅಕ್ಕಾ, ನಿಲ್ಲಿಸು, ಒಂದು ನಿಮಿಷ ನಿಲ್ಲಿಸು’ ಎಂದು ಹೊಟ್ಟೆ ಹಿಡಿದುಕೊಂಡ. ನಾನು ರಿಮೋಟ್ ಒತ್ತಿ, ಅವನ ನಗು ಮುಗಿಯುವವರೆಗೆ ಕಾಯುತ್ತ ಕುಳಿತಿದ್ದೆ.